ಆಪರೇಷನ್ ಆದ ಮಗುವಿಗೆ ಮಲಬದ್ಧತೆ ಆದರೆ

ನನ್ನ ಒಂಬತ್ತು ವರ್ಷದ ಮಗ ಹುಣಸೆ ಮರದಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡಾಗ ಹುಬ್ಬಳ್ಳಿಯಲ್ಲಿ ಆಪರೇಷನ್ ಆಯ್ತು. ನಾಲ್ಕನೇ ದಿನ ಅವನು ಹೊಟ್ಟೆ ಹಿಡ್ಕೊಂಡು ಅತ್ತ. ಕಾಲಿನ ಮಾತೇ ಇಲ್ಲ. ಅಷ್ಟೂ ದಿನ ಸಂಡಾಸಿಗೆ ಹೋಗಿರಲಿಲ್ಲ, ನಾನೂ ಕೇಳಿರಲಿಲ್ಲ.

ಆಪರೇಷನ್ ಆದ ಮೇಲೆ ಕೊಡುವ ಮಾರ್ಫಿನ್ ಜಾತಿಯ ನೋವಿನ ಔಷಧ ಕರುಳಿನ ಚಲನೆಯನ್ನೂ ನಿಧಾನ ಮಾಡುತ್ತದೆ. ಮಲ ಒಳಗೇ ಜಾಸ್ತಿ ಹೊತ್ತು ಉಳಿದು, ನೀರು ಇಂಗಿ, ಗಟ್ಟಿಯಾಗುತ್ತದೆ. ಈ ಔಷಧದ ಮಂಪರು ಕೆಲವು ದಿನಕ್ಕೆ ಇಳಿಯಬಹುದು. ಮಲಬದ್ಧತೆ ಹಾಗಲ್ಲ, ಔಷಧ ಇರೋವರೆಗೂ ಕಾಡುತ್ತದೆ. ಅದಕ್ಕೇ ಮೊದಲ ದಿನವೇ ಡಾಕ್ಟರನ್ನು ಕೇಳಿ: "ಇದರ ಜೊತೆ ಮಲ ಸಡಿಲ ಮಾಡೋ ಔಷಧ ಬೇಕಾ?"

ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಅಥವಾ ಲ್ಯಾಕ್ಟುಲೋಸ್ ಸಿರಪ್ ಬರೆಯುತ್ತಾರೆ. ಎರಡೂ ಕರುಳಲ್ಲಿ ನೀರು ಹಿಡಿದಿಡುತ್ತವೆ. ಪುಡಿಯನ್ನು ಹೇಳಿದಷ್ಟೂ ನೀರಲ್ಲಿ ಕಲಸಿ. ಸಾಲದಿದ್ದರೆ ಕರುಳನ್ನು ಚುರುಕು ಮಾಡುವ ಸೆನ್ನಾದಂಥದ್ದನ್ನು ಸೇರಿಸುತ್ತಾರೆ. ಅಳತೆ ಮಗುವಿನ ತೂಕ, ವಯಸ್ಸು ನೋಡಿ ಡಾಕ್ಟರೇ ಹೇಳಬೇಕು.

ನಮ್ಮತ್ತೆ ಹರಳೆಣ್ಣೆ ಬಾಟಲಿ ಹಿಡಿದು ನಿಂತಿದ್ದರು. ಪ್ರೀತಿಯಿಂದಲೇ. ಆದರೂ ಬೇಡ ಅಂದೆ. ಡಾಕ್ಟರನ್ನು ಕೇಳದೆ ಹರಳೆಣ್ಣೆ, ಎನಿಮಾ ಎರಡೂ ಬೇಡ, ಹೊಟ್ಟೆಯ ಆಪರೇಷನ್ ಆಗಿದ್ದರಂತೂ ಬೇಡವೇ ಬೇಡ. ಇಸಬಗೋಲೂ ಇಲ್ಲಿ ಸರಿಯಲ್ಲ. ಕರುಳು ನಿಧಾನವಾಗಿರುವಾಗ ಅದು ಉಬ್ಬಿ ಅಲ್ಲೇ ಸಿಕ್ಕಿಕೊಳ್ಳಬಹುದು.

ಊಟಕ್ಕೆ ಅನುಮತಿ ಸಿಕ್ಕ ಮೇಲೆ ಒಣ ರೊಟ್ಟಿ ಬದಲು ಬಿಸಿ ರೊಟ್ಟಿ, ಹೆಸರುಕಾಳು ಪಲ್ಯ, ಪಪ್ಪಾಯಿ, ತೆಳು ಮಜ್ಜಿಗೆ ಕೊಟ್ಟೆ. ನೀರು ಮುಖ್ಯ. ಅವನ ಸ್ಟೀಲ್ ಲೋಟ ಖಾಲಿಯಾದಾಗೆಲ್ಲ ಕ್ಯಾಲೆಂಡರ್ ಮೇಲೆ ಗೆರೆ ಎಳೆಯುವ ಕೆಲಸ ಅವನದೇ.

ಊಟವಾದ ಮೇಲೆ ಕರುಳು ತಾನಾಗೇ ಮಿಸುಕುತ್ತದೆ. ಆಗ ಐದ್ಹತ್ತು ನಿಮಿಷ ಕೂರಿಸಿ. ಕುಕ್ಕರುಗಾಲಲ್ಲಿ ಕೂರಲು ಆಗದ್ದಕ್ಕೆ ಕಮೋಡ್ ಕುರ್ಚಿ ಬಾಡಿಗೆಗೆ ತಂದೆವು. ಸರಿಯಿದ್ದ ಕಾಲಿನ ಕೆಳಗೆ ಮಣೆ ಇಟ್ಟೆ. ನನ್ನ ಹೆಬ್ಬೆರಳನ್ನು ಹಿಂಡುತ್ತಾ ಕೂತಿದ್ದ. ಗದರಬೇಡಿ, ಮಗು ಹೆದರಿ ಇನ್ನೂ ಬಿಗಿ ಹಿಡಿಯುತ್ತದೆ.

ಮಲಬದ್ಧತೆಗೆ ಹೆದರಿ ನೋವಿನ ಔಷಧವನ್ನು ನೀವೇ ನಿಲ್ಲಿಸಬೇಡಿ. ಪ್ಯಾರಸಿಟಮಾಲ್‌ಗೆ ಯಾವಾಗ ಬದಲಾಯಿಸಬಹುದು ಅಂತ ಕೇಳಿ. ಮನೆಯಲ್ಲಿ ಉಳಿದ ದೊಡ್ಡವರ ನೋವಿನ ಔಷಧ ಟ್ರಮಡಾಲ್ ಕೊಡಲೇಬೇಡಿ. 12 ವರ್ಷದೊಳಗಿನ ಮಕ್ಕಳಿಗೆ ಅದು ಉಸಿರಾಟಕ್ಕೇ ಅಪಾಯ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ.

ಮೂರು ದಿನ ಸಂಡಾಸ್ ಆಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಹೊಟ್ಟೆ ಉಬ್ಬಿ ಬಿಗಿಯಾದರೆ, ಹಸಿರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ನಡುರಾತ್ರಿಯಾದರೂ ಸರಿ.