ಜಿಂಕೆ ಬಣ್ಣದ ದುಂಬಿಯ ಗೊರಸು

ಇಂಗ್ಲೆಂಡಿನ ಡರ್ಬಿಶೈರ್‌ನಲ್ಲಿ ಸುಣ್ಣಕಲ್ಲಿನ ಗುಡ್ಡಗಳಿವೆ. ಜೂನ್‌ನಲ್ಲಿ ಅಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ. ಕೊತ್ತಂಬರಿ ಹೂವಿನಂಥದೇ ಬಿಳಿ ಗೊಂಚಲೊಂದರ ಮೇಲೆ ನಾನು ಮೊದಲ ಸಲ ಡ್ಯಾಸಿಲಸ್ ಸರ್ವಿನಸ್ ಎಂಬ ದುಂಬಿಯನ್ನು ನೋಡಿದ್ದು ಅಲ್ಲೇ. ನೋಡಿದೆ, ಗುರುತು ಸಿಗಲಿಲ್ಲ. ಸೆಂಟಿಮೀಟರ್ ಉದ್ದದ ಕಂದು ಮೈ ಕಂಡು ಕ್ಲಿಕ್ ಬೀಟಲ್ ಎಂಬ ಬೇರೆ ದುಂಬಿಯೆಂದು ಕೀಟಗಳ ದಾಖಲೆಗೆ ಕಳಿಸಿದೆ. ಅದನ್ನು ಪರಿಶೀಲಿಸಿದವರು ಕೇಳಿದ್ದು ಒಂದೇ ಪ್ರಶ್ನೆ: ಪಾದದ ಫೋಟೊ ಇದೆಯೇ? ನನ್ನ ಹತ್ತಿರ ಇದ್ದದ್ದೆಲ್ಲ ಬೆನ್ನಿನ ಫೋಟೊ.

ಮರುವರ್ಷ ಬಿಳಿ ಕೊಡೆ ಒಯ್ದೆ. ಅದನ್ನು ತಲೆಕೆಳಗಾಗಿ ಹೂವಿನಡಿ ಹಿಡಿದು ದಂಟಿಗೆ ಮೆಲ್ಲಗೆ ತಟ್ಟಿದರೆ ದುಂಬಿ ಉದುರುತ್ತದೆ. ಬೆರಳಲ್ಲಿ ಹಿಡಿಯಬಾರದು, ಮೈಮೇಲಿನ ನವಿರು ರೋಮ ಉಜ್ಜಿಹೋಗುತ್ತದೆ. ಗಾಜಿನ ಕೊಳವೆಗೆ ಇಳಿಸಿ ನೆರಳಲ್ಲಿಟ್ಟೆ. ಓಡಾಟ ನಿಂತ ಮೇಲೆ ಹತ್ತು ಪಟ್ಟಿನ ಲೆನ್ಸ್ ಹಿಡಿದೆ. ಮೇಲ್ರೆಕ್ಕೆ ತುಂಬ ಒತ್ತೊತ್ತಾಗಿ ಹಿಂದಕ್ಕೆ ಬಾಚಿದಂಥ ರೋಮ, ತೆಳ್ಳಗೆ ಬೂದಿ ಸವರಿದಂತೆ. ಪಾದಕ್ಕೆ ಐದು ಗೆಣ್ಣು. ನಡುವಿನ ಗೆಣ್ಣುಗಳು ಗೊರಸಿನ ಹಾಗೆ ಎರಡಾಗಿ ಸೀಳಿ ಅಗಲಿವೆ!

ಸರ್ವಿನಸ್ ಅಂದರೆ ಜಿಂಕೆಯದು. ಜೀವವಿಜ್ಞಾನಿ ಲಿನೇಯಸ್ 1758ರಲ್ಲಿ ಆ ಹೆಸರಿಟ್ಟಿದ್ದು ಬಣ್ಣ ನೋಡಿಯೇ ಇರಬೇಕು. ನನ್ನ ನೆನಪಿನಲ್ಲಿ ಅದು ನಿಂತದ್ದು ಗೊರಸಿನಿಂದ. ಬಣ್ಣವನ್ನಂತೂ ನಾನು ನಂಬುವುದಿಲ್ಲ: ಒಂದು ದುಂಬಿ ಒಣಹುಲ್ಲಿನ ಹಳದಿ, ಪಕ್ಕದ್ದು ಬೂದುಗಪ್ಪು, ಎರಡೂ ಅದೇ ಜಾತಿ. ಅನುಮಾನ ಉಳಿದರೆ ಅಂಗಾತ ಮಲಗಿಸಿ ನೋಡುತ್ತೇನೆ. ಕ್ಲಿಕ್ ಬೀಟಲ್ ಟಕ್ಕೆಂದು ಚಿಮ್ಮುತ್ತದೆ, ಇದು ಕಾಲಾಡಿಸುತ್ತ ಮಗ್ಗುಲಾಗಿ ಏಳುತ್ತದೆ.

ಇದರ ಮರಿಹುಳು ಮಣ್ಣೊಳಗೆ ಬೇರು ತಿಂದು ಬೆಳೆಯುತ್ತದೆ. ಊರಲ್ಲಿ ಅಡಿಕೆ ಬುಡ ಅಗೆದು ಬೇರುಹುಳು ಆರಿಸಿದ ಕೈ ನನ್ನದು. ಇಲ್ಲೂ ಒಂದು ಹಿಡಿ ಮಣ್ಣು ಎತ್ತಿ ನೋಡುವ ಆಸೆ ಆಗುತ್ತದೆ. ಆದರೆ ಆ ಹುಲ್ಲಿನ ನಡುವೆ ಆರ್ಕಿಡ್‌ಗಳಿವೆ, ಈ ದುಂಬಿಗೆ ಇಲ್ಲಿನವರು ಆರ್ಕಿಡ್ ಬೀಟಲ್ ಎಂದೇ ಕರೆಯುತ್ತಾರೆ. ಅಗೆಯಲಿಲ್ಲ.

ಡ್ಯಾಸಿಲಿಡೇ ಕುಟುಂಬದಲ್ಲಿ ಬ್ರಿಟನ್ನಿನಲ್ಲಿರುವುದು ಇದೊಂದೇ ಜಾತಿ. ಹಾಗಾಗಿ ರೋಮದ ಜೊತೆಗೆ ಪಾದವೂ ಸರಿಯಾಗಿ ಕಂಡರೆ ಗುರುತು ಬಹುಮಟ್ಟಿಗೆ ಮುಗಿದಂತೆ. ಅವತ್ತು ಬೆನ್ನು, ಪಕ್ಕ, ಪಾದ ಮೂರರ ಫೋಟೊ ತೆಗೆದೆ, ತಾರೀಖು, ಜಾಗ, ಹೂವಿನ ಹೆಸರು ಬರೆದುಕೊಂಡೆ. ಕೊಳವೆಯನ್ನು ಅದೇ ಗೊಂಚಲಿಗೆ ತಾಗಿಸಿ ಹಿಡಿದೆ. ದುಂಬಿ ಹೊರಬಂದು ಮೀಸೆ ತಿರುಗಿಸಿ ಹೂವಿನೊಳಗೆ ತಲೆ ಹಾಕಿತು.