ಮೊದಲ ಎಲೆಗೆ ಮುನ್ನ ಅರ್ಧ ನಿಮಿಷ

ಬ್ರಿಜ್ ಆಟದಲ್ಲಿ ಡಮ್ಮಿ, ಅಂದರೆ ಜೊತೆಗಾರ ತೆರೆದಿಡುವ ಎಲೆಗಳು, ಮೇಜಿನ ಮೇಲೆ ಬಿದ್ದ ಕೂಡಲೇ ಎಲೆ ಎಳೆಯದೆ ಅರ್ಧ ನಿಮಿಷ ಕೈಕಟ್ಟಿ ಕೂರುವ ನನ್ನ ಅಭ್ಯಾಸಕ್ಕೆ ಬೆಳಗಾವಿಯ ತಿಲಕವಾಡಿಯ ನಮ್ಮ ಕೂಟದಲ್ಲಿ ‘ಪಂಚಾಂಗ ನೋಡುವುದು’ ಎಂದು ಹೆಸರಿಟ್ಟಿದ್ದರು. ಎರಡು ಮಳೆಗಾಲ ಆ ಕುಹಕ ಕೇಳಿದ್ದಾಯಿತು. ಈಗ ಅದೇ ಗೆಳೆಯರು ತಾವೂ ಕೈಕಟ್ಟತೊಡಗಿರುವುದರಿಂದ ಬರೆಯುವ ಧೈರ್ಯ ಬಂದಿದೆ.

ಅದಕ್ಕೆ ಮುಂಚೆ 3 ನೋ ಟ್ರಂಪ್ (ತುರುಪಿಲ್ಲದೆ 13 ಟ್ರಿಕ್‌ಗಳಲ್ಲಿ, ಅಂದರೆ ಸುತ್ತುಗಳಲ್ಲಿ, 9 ಗೆಲ್ಲುವ ಪಣ) ಎಂದರೆ ನನಗೆ ದುಡ್ಡು ಕಳೆಯುವ ದಾರಿಯಾಗಿತ್ತು. ನಮ್ಮಲ್ಲಿ 100 ಪಾಯಿಂಟಿಗೆ 5 ರೂಪಾಯಿ ಲೆಕ್ಕ. ವಲ್ನರಬಲ್ ಇದ್ದಾಗ (ಗೆದ್ದರೆ ಬಹುಮಾನ, ಸೋತರೆ ದಂಡ ಎರಡೂ ಹೆಚ್ಚುವ ಸ್ಥಿತಿ) 600 ಬರಬೇಕಾದಲ್ಲಿ ಒಂದು ಟ್ರಿಕ್ ತಪ್ಪಿ 100 ತೆತ್ತರೆ 700ರ ಅಂತರ, ಅಂದರೆ 35 ರೂಪಾಯಿ. ಹೀಗೆ ಒಂದೇ ಮಳೆಗಾಲದಲ್ಲಿ ಹೆಚ್ಚುಕಡಿಮೆ 4,000 ರೂಪಾಯಿ ಹೋಯಿತು, ಚಹಾ ಮತ್ತು ಗಿರ್ಮಿಟ್ಟಿನ ಬಿಲ್ಲು ಬೇರೆ.

ಕಣ್ಣು ತೆರೆಸಿದ ಬೋರ್ಡ್ (ಒಂದು ಹಂಚಿಕೆಯ ಆಟ) ಇನ್ನೂ ನೆನಪಿದೆ. ಇಸ್ಪೀಟ್ ರಂಗಿನಲ್ಲಿ (ಸ್ಪೇಡ್) ನನ್ನ ಎಕ್ಕ, 7, 3ಕ್ಕೆ ಡಮ್ಮಿಯಲ್ಲಿ 8, 4. ಬದಾಮಿನಲ್ಲಿ ಎಕ್ಕ, ರಾಣಿ, 4ಕ್ಕೆ ರಾಜ, 5, 2. ಚೌಕಟ್‌ನಲ್ಲಿ ರಾಣಿ, 8, 5ಕ್ಕೆ ಎಕ್ಕ, ಗುಲಾಮ, 10, 9, 3. ಕಿಲವರ್‌ನಲ್ಲಿ ಎಕ್ಕ, 9, 7, 4ಕ್ಕೆ ರಾಜ, 6, 2. ಎಡಗಡೆಯವರು ಇಸ್ಪೀಟ್ 6 ಇಳಿದರು. ಕೈಯಲ್ಲಿದ್ದ ಖಚಿತ ಟ್ರಿಕ್ 7, ಉಳಿದೆರಡು ಚೌಕಟ್‌ನಿಂದಲೇ ಬರಬೇಕು. ಅವಸರಕ್ಕೆ ಮೊದಲ ಸುತ್ತಿನಲ್ಲೇ ಎಕ್ಕ ಹಾಕಿ ಚೌಕಟ್ ರಾಣಿಯನ್ನು ಓಡಿಸಿದೆ, ಅಂದರೆ ರಾಜ ಎಡಗಡೆಯವರಲ್ಲಿರಲಿ ಎಂಬ ಆಸೆಯಿಂದ ಡಮ್ಮಿಯ ಎಕ್ಕ ತಡೆದು ಫಿನೆಸ್ ಮಾಡಿದೆ. ರಾಜ ಬಲಗಡೆಯವರಲ್ಲಿತ್ತು, ಅವರು ಇಸ್ಪೀಟ್ ಮರಳಿಸಿದರು, ಎಡಗಡೆಯವರು ಸಾಲಾಗಿ 4 ಟ್ರಿಕ್ ಎತ್ತಿಕೊಂಡರು. ಒಂದು ಡೌನ್, ಅಂದರೆ ಪಣಕ್ಕೆ ಒಂದು ಟ್ರಿಕ್ ಕಡಿಮೆ.

ಆ ರಾತ್ರಿ ಮನೆಯ ಜಮಖಾನೆಯ ಮೇಲೆ ಅದೇ ಎಲೆಗಳನ್ನು ಹರಡಿಕೊಂಡು ಕುಳಿತೆ. ಎಕ್ಕವನ್ನು ಎಷ್ಟು ಸುತ್ತು ತಡೆಯಬೇಕೆನ್ನಲು ಆಟಗಾರರ ಲೆಕ್ಕ ಒಂದಿದೆ, ಏಳರಲ್ಲಿ ನಮ್ಮಿಬ್ಬರ ಆ ರಂಗಿನ ಎಲೆಗಳನ್ನು ಕಳೆಯುವುದು: ನಮ್ಮಿಬ್ಬರ ಇಸ್ಪೀಟು 5, ಏಳರಲ್ಲಿ ಐದು ಕಳೆದರೆ 2. ಎರಡು ಸುತ್ತು ಬಿಟ್ಟುಕೊಟ್ಟು ಮೂರನೆಯದನ್ನು ಹಿಡಿದಿದ್ದರೆ ಬಲಗಡೆಯವರಲ್ಲಿ ಇಸ್ಪೀಟೇ ಉಳಿಯುತ್ತಿರಲಿಲ್ಲ, ನನಗೆ 10 ಟ್ರಿಕ್ ಬರುತ್ತಿದ್ದವು. ಇಸ್ಪೀಟು 4-4 ಹಂಚಿಕೆಯಾಗಿದ್ದರೂ 9ಕ್ಕೆ ಧಕ್ಕೆಯಿರಲಿಲ್ಲ.

ಈ ಮದ್ದನ್ನು ಎಲ್ಲ ರೋಗಕ್ಕೂ ಕೊಡಲು ಹೋಗಿ ಮತ್ತೆ ಪೆಟ್ಟು ತಿಂದೆ. ಬದಾಮು ಸೊರಗಿದ್ದ ಒಂದು ಆಟದಲ್ಲಿ ಬೇರೆ ರಂಗಿನ ಎಕ್ಕವನ್ನು ಬಿಗಿಹಿಡಿದು ಕುಳಿತೆ. ಎದುರಾಳಿ ಅದನ್ನು ಗಮನಿಸಿ ಬದಾಮಿಗೆ ಹೊರಳಿದರು, ಅಲ್ಲಿಯೇ ಐದು ಟ್ರಿಕ್ ಹೋದವು. ಫಿನೆಸ್ ತಪ್ಪಿದಾಗ ಆಟ ಉದ್ದ ರಂಗಿರುವವರ (ಆ ರಂಗಿನ ಎಲೆ ಹೆಚ್ಚಿರುವವರ) ಕೈಗೇ ಹೋಗುವುದಾದರೆ ಎಕ್ಕ ತಡೆದು ಲಾಭವೇನೂ ಇಲ್ಲವೆಂಬುದೂ ದುಡ್ಡು ಕೊಟ್ಟ ಮೇಲೆಯೇ ತಿಳಿಯಿತು. ಹಾಗಾಗಿ ಈಗ ಅರ್ಧ ನಿಮಿಷದಲ್ಲಿ ಟ್ರಿಕ್ ಎಣಿಸಿದ ಮೇಲೆ ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಇಬ್ಬರಲ್ಲಿ ಯಾರ ಕೈಗೆ ಆಟ ಹೋಗಬಾರದು? ಅದು ಗೊತ್ತಾಗುವವರೆಗೆ ಡಮ್ಮಿಯ ಎಲೆ ಮುಟ್ಟುವುದಿಲ್ಲ.

ನಡುವೆ ಇನ್ನೊಂದು ಹುಚ್ಚೂ ಹಿಡಿದಿತ್ತು. ಒಂದು ರಂಗಿನ ಕಾಣದ ಆರು ಎಲೆಗಳು ಎದುರಾಳಿಗಳಿಬ್ಬರಲ್ಲಿ 3-3 ಬೀಳುವುದು 36 ಪ್ರತಿಶತ ಎನ್ನುವ ಲೆಕ್ಕವನ್ನು ನಂಬದೆ, ಹುಣಸೆಬೀಜ ಇಟ್ಟು ಎಣಿಸುತ್ತ ಸುಮಾರು 200 ಸಲ ಹಂಚಿ ನೋಡಿದೆ. 70ರ ಆಸುಪಾಸು ಬಂತು. ಅಂದಿನಿಂದ 3-3ರ ಮೇಲೆ ಭಾರ ಹಾಕುವುದನ್ನು ಬಿಟ್ಟಿದ್ದೇನೆ, ಬೇರೆ ದಾರಿ ಇರುವವರೆಗೆ.

ಕಳೆದ ಆರು ತಿಂಗಳಲ್ಲಿ ಆಡಿದ ಸುಮಾರು 40 ನೋ ಟ್ರಂಪ್ ಗೇಮುಗಳಲ್ಲಿ 30ಕ್ಕೆ ಕಡಿಮೆಯಿಲ್ಲದಷ್ಟನ್ನು ಗೆದ್ದಿದ್ದೇನೆ, ಹೋದ ದುಡ್ಡಿನಲ್ಲಿ ಅರ್ಧ ಮರಳಿ ಬಂದಿದೆ. ಬಿಟ್ಟುಕೊಡುವ ಎರಡು ಸುತ್ತುಗಳಲ್ಲಿ 7 ಮತ್ತು 3ರಲ್ಲಿ ಯಾವುದನ್ನು ಮೊದಲು ಇಳಿಯುತ್ತೇನೆ, ಯಾವಾಗ ತಿರುವುಮುರುವು ಮಾಡುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಶನಿವಾರ ನನ್ನ ಎಡಕ್ಕೆ ಕೂರುವವರೂ ಇದನ್ನು ಓದುತ್ತಾರೆ.