ಪಾಯಿಂಟ್-ಅಂಡ್-ಕ್ಲಿಕ್ ಆಟದಲ್ಲಿ ಸಿಕ್ಕಿಬಿದ್ದಾಗ ನಾನು ಮಾಡುವುದು

ಪರದೆ ಮೇಲೆ ಕ್ಲಿಕ್ ಮಾಡುತ್ತಾ, ವಸ್ತು ಹೆಕ್ಕಿ ಒಗಟು ಬಿಡಿಸುತ್ತಾ ಕಥೆ ಮುಂದುವರಿಸುವ ಈ ಕಂಪ್ಯೂಟರ್ ಆಟಗಳಿಗೆ ಬೆರಳಿನ ಚುರುಕು ಬೇಕಿಲ್ಲ. ಆದರೂ ಅರ್ಧಕ್ಕೇ ಬಿಟ್ಟವರು ಬೇಕಾದಷ್ಟು ಜನ. ಮುಂದೆ ಹೋಗಲಾಗದೆ ನಿಂತಾಗ, ಯಾಕೆ ನಿಂತೆವು ಎಂದು ನೋಡದೆ, ಕೈಲಿರುವ ಎಲ್ಲ ವಸ್ತುವನ್ನೂ ಕಂಡಕಂಡದ್ದರ ಮೇಲೆ ಒತ್ತುತ್ತಾ ಕೂತರೆ ಹಾಗೇ ಆಗುವುದು. ಚೀಲದಲ್ಲಿ 15 ವಸ್ತು, ಪರದೆ ಮೇಲೆ 10 ಜಾಗ ಇದ್ದರೆ ಒಂದೇ ಕೋಣೆಗೆ 150 ಕ್ಲಿಕ್. ನಗಿಸಬೇಕಾದ ಆಟ ಗುಮಾಸ್ತಗಿರಿಯಾಗುತ್ತದೆ.

ಮೊದಲು ಓಡಿಸುವ ವಿಷಯ. ಲ್ಯೂಕಸ್‌ಆರ್ಟ್ಸ್ ಕಂಪನಿಯ ಹಳೇ ಆಟಗಳನ್ನು ಇಂದಿನ ಕಂಪ್ಯೂಟರಿನಲ್ಲಿ ಓಡಿಸಲು ನಾನು ಬಳಸುವ ತಂತ್ರಾಂಶ ಸ್ಕಮ್‌ವಿಎಂ. ಉಚಿತ, 2001ರಿಂದ ಇದೆ. ಅದರೊಳಗೆ ಆಟ ಇರುವುದಿಲ್ಲ. 'ಆಡ್ ಗೇಮ್' ಒತ್ತಿ ಆಟದ ಡೇಟಾ ಫೈಲುಗಳಿರುವ ಫೋಲ್ಡರ್ ತೋರಿಸಬೇಕು. 'ಡೇ ಆಫ್ ದ ಟೆಂಟಕಲ್' (1993) ಸಿಡಿಯಿಂದ ಕಾಪಿ ಮಾಡುವಾಗ ಮಾನ್‌ಸ್ಟರ್.ಎಸ್‌ಒಯು ಫೈಲ್ ಬಿಟ್ಟುಹೋದರೆ ಪಾತ್ರಗಳೆಲ್ಲ ಮೂಕ. ಆಸ್ಪೆಕ್ಟ್ ರೇಶಿಯೋ ಕರೆಕ್ಷನ್ ಆನ್ ಮಾಡಿ: 320×200ರ ಆ ಚಿತ್ರಗಳನ್ನು ಬರೆದದ್ದು 4:3 ಪರದೆಗೆ, ಹಾಗೇ ಬಿಟ್ಟರೆ ಎಲ್ಲರೂ ಕುಳ್ಳಗೆ, ಅಗಲವಾಗಿ ಕಾಣುತ್ತಾರೆ. ಮಾತು, ಅಕ್ಷರ ಎರಡೂ ಇರಲಿ, ಏಕೆಂದರೆ ಸುಳಿವು ಬಹುಪಾಲು ಜೋಕಿನ ಕೊನೆಯಲ್ಲಿ ಅಡಗಿರುತ್ತದೆ. ಕೇಳಿದ ಮಾತನ್ನೇ ಮತ್ತೆ ಕೇಳಬೇಕಾದರೆ ಚುಕ್ಕಿ ಕೀ ಒತ್ತಿದರೆ ಒಂದು ಸಾಲು ಹಾರುತ್ತದೆ. ದುಡ್ಡು ಹಾಕದೆ ರುಚಿ ನೋಡಬೇಕೆನ್ನುವವರಿಗೆ 'ಬಿನೀತ್ ಎ ಸ್ಟೀಲ್ ಸ್ಕೈ' ಸ್ಕಮ್‌ವಿಎಂ ತಾಣದಲ್ಲೇ ಪುಕ್ಕಟೆ ಸಿಗುತ್ತದೆ.

ಆಡುವಾಗ ಪಕ್ಕದಲ್ಲಿ ಒಂದು ನೋಟ್‌ಬುಕ್. ಎಡಕ್ಕೆ ಅಡ್ಡಿಗಳು, ಬಲಕ್ಕೆ ವಸ್ತುಗಳು. ಅಡ್ಡಿಯನ್ನು 'ಬಾಗಿಲು' ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅಲ್ಲಿ ಪಾತ್ರ ಏನೆಂದು ಗೊಣಗಿತೋ ಅದನ್ನು ಬರೆಯಬೇಕು. ಕೀಲಿಗಿಂತ ಮೊದಲು ಬೀಗ ಕಣ್ಣಿಗೆ ಬೀಳಬೇಕು ಎಂಬರ್ಥದ ಮಾತನ್ನು ಆಟಗಳ ವಿನ್ಯಾಸಕ ರಾನ್ ಗಿಲ್ಬರ್ಟ್ 1989ರಲ್ಲೇ ಬರೆದಿದ್ದರು. ಹಾಗೆ ಕಟ್ಟಿದ ಆಟದಲ್ಲಿ ಎಡಗಡೆಯ ಪಟ್ಟಿಯೇ ದಾರಿ ತೋರಿಸುತ್ತದೆ.

ಟೆಂಟಕಲ್ ಆಟವನ್ನೇ ನೋಡಿ. ಮೂವರು ಮೂರು ಕಾಲದಲ್ಲಿ ಸಿಕ್ಕಿಕೊಂಡಿದ್ದಾರೆ: 'ಹೋಗಿ' ಎಂಬ ಹೆಸರಿನವನು 200 ವರ್ಷ ಹಿಂದೆ, ಲವರ್ನ್ 200 ವರ್ಷ ಮುಂದೆ, ಬರ್ನಾರ್ಡ್ ಇಂದು. ಒಬ್ಬರಿಂದೊಬ್ಬರಿಗೆ ವಸ್ತು ಸಾಗಿಸುವುದು ಟಾಯ್ಲೆಟ್ಟಿಗೆ ಹಾಕಿ ಫ್ಲಶ್ ಮಾಡಿ. ಜೀವವಿಲ್ಲದ ಸಣ್ಣ ವಸ್ತು ಮಾತ್ರ ಹೋಗುತ್ತದೆ. ಲವರ್ನ್‌ಗೆ ಒಂದು ಹ್ಯಾಮ್‌ಸ್ಟರ್ ಬೇಕು, ಅದು ಇರುವುದು ಬರ್ನಾರ್ಡ್ ಬಳಿ, ಫ್ಲಶ್ ಮಾಡುವಂತಿಲ್ಲ. ಬರ್ನಾರ್ಡ್ ಅದನ್ನು ಐಸ್ ಯಂತ್ರದಲ್ಲಿಡುತ್ತಾನೆ; 200 ವರ್ಷದ ಮೇಲೆ ಲವರ್ನ್ ತೆಗೆದು ಮೈಕ್ರೋವೇವ್‌ನಲ್ಲಿ ಕರಗಿಸುತ್ತಾಳೆ. ಈಗ ಅದಕ್ಕೆ ಚಳಿ. ಡ್ರೈಯರ್‌ಗೆ ಚಿಲ್ಲರೆ ಸುರಿದು ಸ್ವೆಟರ್ ಹಾಕಿಟ್ಟರೆ ಅದು 200 ವರ್ಷ ತಿರುಗಿ ತಿರುಗಿ ಹ್ಯಾಮ್‌ಸ್ಟರ್ ಅಳತೆಗೆ ಕುಗ್ಗಿರುತ್ತದೆ. ಹುಚ್ಚಾಟ ಹೌದು, ಆದರೆ ನಿಯಮ ಎಲ್ಲೂ ತಪ್ಪಿಲ್ಲ. ಇಲ್ಲಿ ಸಿಕ್ಕಿಕೊಂಡರೆ ಸುಳಿವು ನೋಡಬೇಡಿ. ಎದ್ದು ಹೋಗಿ, ನಾಳೆ ಬನ್ನಿ.

ಇನ್ನು ಕೆಲವು ಕಡೆ ತಲೆ ಓಡಿಸಿ ಉಪಯೋಗವೇ ಇಲ್ಲ. ಹುಡುಕಬೇಕಾದ್ದು ನಾಲ್ಕು ಪಿಕ್ಸೆಲ್ ಇದ್ದರೆ ಕರ್ಸರನ್ನು ಸಾಲುಸಾಲಾಗಿ ಎಳೆದು ಹೆಸರು ಮೂಡುತ್ತದೆಯೇ ನೋಡಬೇಕು. 'ಡಿಪೋನಿಯಾ'ದಂಥ ಈಚಿನವುಗಳಲ್ಲಿ ಸ್ಪೇಸ್ ಬಾರ್ ಒತ್ತಿದರೆ ಎಲ್ಲ ಜಾಗವೂ ತೋರುತ್ತದೆ. ಚೆಕ್ ಆಟ 'ಮೆಷಿನೇರಿಯಂ' (2009) ಬೇರೆ ಥರ ಆಟ ಆಡಿಸುತ್ತದೆ: ರೋಬೋ ಕೈಗೆ ಎಟುಕದ ವಸ್ತುವಿನ ಮೇಲೆ ಕರ್ಸರ್ ಬದಲಾಗುವುದೇ ಇಲ್ಲ. ಹತ್ತಿರ ನಡೆಸಿ, ಮೈ ಉದ್ದ ಮಾಡಿ, ಗಿಡ್ಡ ಮಾಡಿ, ಆಮೇಲೆ ನೋಡಬೇಕು. ಮಾತೇ ಇಲ್ಲದ ಆಟವಾದ್ದರಿಂದ ಇಂಗ್ಲಿಷ್ ಬಾರದ ಮಕ್ಕಳಿಗೂ ಕೊಡಬಹುದು.

'ಬ್ರೋಕನ್ ಸೋರ್ಡ್' (1996) ಐರ್ಲೆಂಡ್ ಮೇಕೆಯದು ಸಮಯದ ಸಮಸ್ಯೆ. ಅಲ್ಲಿಯವರೆಗೆ ನಿಧಾನವಾಗಿ ಯೋಚಿಸಿ ಆಡಿಸಿದ ಆಟ ಇದ್ದಕ್ಕಿದ್ದಂತೆ ಚುರುಕು ಕೇಳುತ್ತದೆ. ದಾರಿಗೆ ಅಡ್ಡ ನಿಂತ ಮೇಕೆ ನಾಯಕನನ್ನು ಗುದ್ದಿ ಬೀಳಿಸಿದ ಕೂಡಲೇ, ಅದು ಹಿಂದೆ ಸರಿಯುವಷ್ಟರಲ್ಲಿ, ಪಕ್ಕದ ನೇಗಿಲಿನ ಯಂತ್ರದ ಮೇಲೆ ಕ್ಲಿಕ್ ಮಾಡಬೇಕು. ಮತ್ತೆ ಗುದ್ದಲು ಬಂದ ಮೇಕೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ.

ಎಲ್ಲಕ್ಕಿಂತ ಕೆಟ್ಟದ್ದು ಸಿಯೆರಾ ಕಂಪನಿಯ ಹಳೇ ಚಾಳಿ. 'ಕಿಂಗ್ಸ್ ಕ್ವೆಸ್ಟ್ 5'ರಲ್ಲಿ ಸಿಗುವ ಕಡುಬಿನಂಥ ಪೈಯನ್ನು ತಿಂದುಬಿಟ್ಟರೆ ಮುಂದೆ ಹಿಮಮಾನವನ ಮುಖಕ್ಕೆ ಎಸೆಯಲು ಏನೂ ಉಳಿಯದು, ಆದರೂ ಆಟ ಬಾಯಿಬಿಡದೆ ನಡೆಯುತ್ತಿರುತ್ತದೆ. ಇಂಥವಕ್ಕೆ ಪ್ರತಿ ಹೊಸ ಜಾಗಕ್ಕೂ ಹೊಸ ಸೇವ್. ಹಳೆಯದರ ಮೇಲೆ ಬರೆಯಲೇಬಾರದು.

ಸುಳಿವು ಬೇಕೇಬೇಕಾದಾಗ ಪೂರ್ತಿ ವಾಕ್‌ಥ್ರೂ (ಆಟವನ್ನು ಮೊದಲಿಂದ ಕೊನೆವರೆಗೆ ಹೇಳಿಕೊಡುವ ಬರಹ) ತೆರೆಯುವುದಿಲ್ಲ. ಸುಳಿವು ಕೊಡುವ ಯುನಿವರ್ಸಲ್ ಹಿಂಟ್ ಸಿಸ್ಟಮ್‌ನಲ್ಲಿ ಪ್ರಶ್ನೆ ಆರಿಸಿದರೆ ಸುಳಿವು ಒಂದೊಂದೇ ಸಾಲು ತೆರೆಯುತ್ತದೆ, ಸಾಮಾನ್ಯವಾಗಿ ಮೊದಲ ಸಾಲೇ ಸಾಕು. ಒಂದಕ್ಕೆ ಮಾತ್ರ ವಿನಾಯಿತಿ: 'ಗೇಬ್ರಿಯಲ್ ನೈಟ್ 3' (1999). ಬೈಕ್ ಬಾಡಿಗೆಗೆ ಪಡೆಯಲು ನಾಯಕ ತನ್ನ ಗೆಳೆಯನ ವೇಷ ಹಾಕಬೇಕು. ಅದಕ್ಕೆ ಕಂಡಿಗೆ ಟೇಪ್ ಅಂಟಿಸಿ, ಬೆಕ್ಕಿಗೆ ನೀರು ಚಿಮುಕಿಸಿ ಅದರಲ್ಲಿ ನುಸುಳಿಸಿ, ಟೇಪಿಗೆ ಹತ್ತಿದ ಕೂದಲನ್ನು ಮೇಪಲ್ ಸಿರಪ್ಪಿನಿಂದ ಮೆತ್ತಿ ಮೀಸೆ ಮಾಡಬೇಕು. ಗೆಳೆಯನಿಗೆ ಮೀಸೆಯೇ ಇಲ್ಲ! ಹಾಗಾಗಿ ಅವನ ಪಾಸ್‌ಪೋರ್ಟಿನ ಫೋಟೋಗೂ ಮಾರ್ಕರಿನಲ್ಲಿ ಮೀಸೆ ಬರೆಯಬೇಕು. ಇದೊಂದರ ಸುಳಿವನ್ನು ಎಲ್ಲ ಸಾಲೂ ಒಟ್ಟಿಗೇ ತೆರೆದು ಓದಿ.